ಪಾಸ್ಟರ್ ಹೋದರು, ವಾಗ್ದಾನ ಕಾರ್ಡೂ ಸುಳ್ಳಾಯಿತು. ಇವನ್ನೆಲ್ಲ ಬಿಟ್ಟರೆ ಯೇಸುವನ್ನೇ ಬಿಟ್ಟ ಹಾಗಾ?

ರಾಯಚೂರಿನಿಂದ ಕೇಳಿದ್ದೀರಿ. ಮನೆಮಂದಿಯೆಲ್ಲ ದೇವರ ಮಾತೇ ಎಂದು ಕೇಳುತ್ತಿದ್ದ ಪಾಸ್ಟರ್ ಸಭೆ ಬಿಟ್ಟು ಹೋದರು, ಹೊಸ ವರ್ಷಕ್ಕೆ ದೇವರ ವಾಗ್ದಾನ ಎಂದು ಎತ್ತಿದ ಕಾರ್ಡಿನ ಬೈಬಲ್ ವಾಕ್ಯ ನಡೆಯಲಿಲ್ಲ, ಪ್ರಾರ್ಥನೆ ಎಣ್ಣೆ ಹಚ್ಚಿದರೂ ತಾಯಿಯ ಸಕ್ಕರೆ ಕಾಯಿಲೆ ಇಳಿಯಲಿಲ್ಲ. ಇವೆಲ್ಲ ಬಿಟ್ಟರೆ ಏನುಳಿಯುತ್ತದೆ ಅನ್ನುವುದು ನಿಮ್ಮ ಭಯ. ನಾನು ಬಳ್ಳಾರಿಯಲ್ಲಿ ಸಂಡೇ ಸ್ಕೂಲ್ ಮಕ್ಕಳಿಗೆ ಕಲಿಸುವವಳು, ದೇವಶಾಸ್ತ್ರ ಓದಿದವಳಲ್ಲ. ಅಷ್ಟು ತಿಳಿದುಕೊಂಡು ಓದಿ.

ಮೊದಲು ತಾಯಿಯ ವಿಷಯ. ಮಾತ್ರೆ, ಇನ್ಸುಲಿನ್ ಏನಿದೆಯೋ ಒಂದು ಹೊತ್ತೂ ತಪ್ಪಿಸಬೇಡಿ. ಮಾತ್ರೆ ನುಂಗುವುದು ಅವಿಶ್ವಾಸ ಅಂತ ಯಾರಾದರೂ ಹೇಳಿದ್ದರೆ ಅದು ಬೈಬಲಿನ ಮಾತಲ್ಲ. ಯಾಕೋಬನ ಪತ್ರಿಕೆಯ 5ನೇ ಅಧ್ಯಾಯದಲ್ಲಿ ಸಭೆಯ ಹಿರಿಯರು ರೋಗಿಗೆ ಎಣ್ಣೆ ಹಚ್ಚಿ ಪ್ರಾರ್ಥಿಸಲಿ ಎಂದಿದೆ, ಔಷಧ ಬಿಡಿಸಲಿ ಎಂದಿಲ್ಲ. ಪದೇ ಪದೇ ಕಾಯಿಲೆ ಬೀಳುತ್ತಿದ್ದ ತನ್ನ ಜೊತೆ ಸೇವಕ ತಿಮೊಥೆಯನಿಗೆ ಅಪೊಸ್ತಲ ಪೌಲ ಹೊಟ್ಟೆಗಾಗಿ ಸ್ವಲ್ಪ ದ್ರಾಕ್ಷಾರಸ ತಗೋ ಎಂದು ಬರೆದ. ತಾಯಿಗೆ ಎಣ್ಣೆ ಹಚ್ಚಿಸಿಕೊಂಡರೆ ಸಮಾಧಾನ ಅನ್ನಿಸಿದರೆ ಹಚ್ಚಿಸಿಕೊಳ್ಳಲಿ, ಅದಕ್ಕೆ ಜಗಳ ಬೇಡ.

ಈಗ ಕಾರ್ಡು. ಡಿಸೆಂಬರ್ 31ರ ರಾತ್ರಿ ಆರಾಧನೆ ಮುಗಿಯುವ ಹೊತ್ತಿಗೆ ಸ್ಟೀಲ್ ತಟ್ಟೆಯಲ್ಲಿ ಕಾರ್ಡು ಬರುತ್ತವೆ, ಕಣ್ಣು ಮುಚ್ಚಿ ಒಂದು ಎತ್ತುತ್ತೇವೆ. ಪಕ್ಕದವರು ಇಣುಕಿ ನೋಡಿ "ಅಕ್ಕಾ, ನಿಮಗ ಭಾಳ ಚಲೋ ಬಂದೈತಿ ನೋಡ್ರಿ" ಅನ್ನುತ್ತಾರೆ. ಆಮೇಲೆ ಅದು ಮೊಬೈಲ್ ಕವರಿನ ಒಳಗೆ, ಇಲ್ಲವೇ ಲ್ಯಾಮಿನೇಷನ್ ಆಗಿ ದೇವರ ವಾಕ್ಯದ ಕ್ಯಾಲೆಂಡರಿನ ಪಕ್ಕಕ್ಕೆ. "ಲೋಕದಲ್ಲಿ ನಿಮಗೆ ಸಂಕಟ ಉಂಟು" ಅನ್ನುವ ಕಾರ್ಡು ಆ ತಟ್ಟೆಯಲ್ಲಿ ನಾನಂತೂ ಕಂಡಿಲ್ಲ. ಅದೂ ಯೇಸು ಕೊಟ್ಟ ಮಾತೇ, ಯೋಹಾನ 16ರಲ್ಲಿದೆ.

ಹೆಚ್ಚು ಜನರ ಕೈಗೆ ಬರುವುದು ಯೆರೆಮೀಯ 29:11, ನಿಮಗೆ ಒಳ್ಳೆಯ ಗತಿ, ನಿರೀಕ್ಷೆ ಕೊಡುವುದೇ ನನ್ನ ಯೋಚನೆ ಎಂದು ದೇವರು ಹೇಳುವ ವಾಕ್ಯ. ನಿಮಗೂ ಅದೇ ಬಂದಿತ್ತೋ ಏನೋ. ಅದು ಬಾಬೆಲಿಗೆ ಸೆರೆ ಹೋದ ಯೆಹೂದ್ಯರಿಗೆ ಪ್ರವಾದಿ ಯೆರೆಮೀಯ ಬರೆದ ಕಾಗದದ ಒಂದು ಸಾಲು. ಅದರ ಮೇಲಿನ ವಾಕ್ಯ ಓದಿ: 70 ವರ್ಷ ತುಂಬಿದ ಮೇಲೆ ನಿಮ್ಮನ್ನು ತಿರುಗಿ ಕರೆತರುತ್ತೇನೆ ಎಂದಿದೆ. ಅದಕ್ಕೂ ಹಿಂದಿನ ಅಧ್ಯಾಯದಲ್ಲಿ ಹನನ್ಯ ಎಂಬ ಪ್ರವಾದಿ ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ ಎಂದು ದೇವಾಲಯದಲ್ಲೇ ನಿಂತು ಸಾರಿದ್ದ. ಎರಡು ವರ್ಷ ಅಂದವನನ್ನು ಬಿಟ್ಟು ಎಪ್ಪತ್ತು ಅಂದವನ ಮಾತಿಗೆ ಯಾರು ಕಿವಿಗೊಡುತ್ತಾರೆ ಹೇಳಿ! ಯೆರೆಮೀಯನ ಕಾಗದದಲ್ಲಿ ಇದ್ದದ್ದು ಮನೆ ಕಟ್ಟಿರಿ, ತೋಟ ಮಾಡಿರಿ, ಮಕ್ಕಳ ಮದುವೆ ಮಾಡಿರಿ, ಆ ಊರಿನ ಒಳಿತಿಗೆ ಪ್ರಾರ್ಥಿಸಿರಿ ಎಂದು. ಅದನ್ನು ಓದಿಸಿಕೊಂಡ ಹಿರಿಯರಲ್ಲಿ ಬಹಳ ಮಂದಿ ಬಾಬೆಲಿನಲ್ಲೇ ಮಣ್ಣಾಗಿರಬೇಕು. ಹಾಗಂತ ವಾಕ್ಯ ಸುಳ್ಳಾಗಲಿಲ್ಲ. ನಿಮ್ಮ ವಾಕ್ಯಕ್ಕೆ ಹನ್ನೆರಡು ತಿಂಗಳ ಗಡುವು ಹಾಕಿದ್ದು ದೇವರಲ್ಲ, ಕಾರ್ಡು ಅಚ್ಚು ಹಾಕಿಸಿದವರು.

ನಿಮ್ಮ ಮುಖ್ಯ ಪ್ರಶ್ನೆಗೆ ನನಗೆ ಉತ್ತರ ಕಂಡದ್ದು ಎರಡನೆಯ ಅರಸುಗಳು 18ರಲ್ಲಿ. ಅರಣ್ಯದಲ್ಲಿ ಹಾವು ಕಚ್ಚಿದವರು ನೋಡಿ ಬದುಕಲಿ ಎಂದು ಮೋಶೆ ತಾಮ್ರದ ಸರ್ಪ ಮಾಡಿಸಿದ, ಅದೂ ದೇವರು ಹೇಳಿದ್ದಕ್ಕೆ. ಎಷ್ಟೋ ತಲೆಮಾರು ಕಳೆದ ಮೇಲೆ ಜನ ಅದಕ್ಕೇ ಧೂಪ ಹಾಕತೊಡಗಿದ್ದರು. ಅರಸ ಹಿಜ್ಕೀಯ ಅದನ್ನು ಒಡೆದು ಚೂರು ಮಾಡಿದ. ಮುಂದಿನ ವಾಕ್ಯವೇ, ದೇವರಲ್ಲಿ ಭರವಸೆ ಇಡುವುದರಲ್ಲಿ ಯೆಹೂದದ ಅರಸರಲ್ಲಿ ಅವನಿಗೆ ಸಮಾನರಿಲ್ಲ ಎನ್ನುತ್ತದೆ. ಸರ್ಪ ಕೆಟ್ಟದ್ದಾಗಿರಲಿಲ್ಲ, ಒಂದು ಕಾಲಕ್ಕೆ ಜೀವ ಉಳಿಸಿದ್ದೇ ಅದು. ನಿಮ್ಮ ಪಾಸ್ಟರ್, ಎಣ್ಣೆ, ಕಾರ್ಡು ಕೂಡ ಹಾಗೇ. ಅವರ ಪ್ರಾರ್ಥನೆಯಿಂದ ನಿಮಗೆ ಹಿಂದೆ ಆದ ಒಳಿತು ಈಗ ಸುಳ್ಳಾಗಬೇಕಿಲ್ಲ. ದೇವರ ಮೇಲೆ ಹಾಕಬೇಕಾದ ಭಾರವನ್ನು ಅವುಗಳ ಮೇಲೆ ಹಾಕಿದ್ದಿರಿ, ಅದನ್ನು ಇಳಿಸಿದರೆ ಸಾಕು.

ಭಾರ ಎಲ್ಲಿತ್ತು ಅನ್ನುವುದು ಕಡಿದಾಗಲೇ ತಿಳಿಯುವುದು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನು ತುಂಡಾಗುವವರೆಗೆ ಕೊಪ್ಪಳ, ಬಳ್ಳಾರಿ, ರಾಯಚೂರಿನ ಭತ್ತದ ರೈತರಲ್ಲಿ ಆ ಚೈನನ್ನು ನೆನೆಸಿಕೊಂಡವರು ಎಷ್ಟು ಜನ? ನಿಮ್ಮ ಮನೆಯಲ್ಲಿ ಕಡಿದದ್ದು ಪಾಸ್ಟರ್ ಎಂಬ ಚೈನು. ಹಳೇ ಕ್ರೈಸ್ತ ಮನೆಗಳಲ್ಲಿ ಆ ಚೈನು ಬೇರೆ ಇರುತ್ತದೆ, ಮನೆತನದ ಹೆಸರು. 1810ರಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದರು, ಕನ್ನಡ ಬೈಬಲ್ ಅನುವಾದದಲ್ಲಿ ಅವರ ಕೈ ದೊಡ್ಡದು. "ನಮ್ಮದು ಮಿಷನ್ ಕಾಲದ ಮನೆತನ" ಅನ್ನುವ ಮಾತು ಇಲ್ಲಿ ಮದುವೆ ಮಾತುಕತೆಯಲ್ಲೂ ಬರುತ್ತದೆ, ಪರಲೋಕದ ಮಾತುಕತೆಯಲ್ಲೂ. ಪೌಲನಿಗೆ ಇದಕ್ಕಿಂತ ದೊಡ್ಡ ಪಟ್ಟಿ ಇತ್ತು: ಎಂಟನೇ ದಿನದ ಸುನ್ನತಿ, ಬೆನ್ಯಾಮೀನನ ಕುಲ, ಧರ್ಮಶಾಸ್ತ್ರ ಕಟ್ಟುನಿಟ್ಟಾಗಿ ಪಾಲಿಸುವ ಫರಿಸಾಯ. ಫಿಲಿಪ್ಪಿ 3ರಲ್ಲಿ ಅವನು ಅದೆಲ್ಲವನ್ನೂ ನಷ್ಟದ ಲೆಕ್ಕಕ್ಕೆ ಬರೆದ. ಸ್ನಾನಿಕನಾದ ಯೋಹಾನ ಇನ್ನೂ ಖಡಕ್ಕು, ಅಬ್ರಹಾಮನೇ ನಮ್ಮ ಮೂಲಪುರುಷ ಎಂದು ನೆಚ್ಚಿಕೊಂಡವರಿಗೆ ಈ ಕಲ್ಲುಗಳಿಂದಲೂ ದೇವರು ಅಬ್ರಹಾಮನಿಗೆ ಮಕ್ಕಳನ್ನು ಹುಟ್ಟಿಸಬಲ್ಲ ಎಂದ. ಬಳ್ಳಾರಿಯಲ್ಲಿ ಕಲ್ಲಿಗೇನು ಬರ!

ಒಂದು ಎಚ್ಚರ ಹೇಳಲೇಬೇಕು. ಇವೆಲ್ಲ ಬಿಟ್ಟವರು ಕೊನೆಗೆ ತಮ್ಮ ವಿಶ್ವಾಸದ ಮೇಲೆಯೇ ವಿಶ್ವಾಸ ಇಡುತ್ತಾರೆ. "ನಿನ್ನ ವಿಶ್ವಾಸ ಸಾಲದು, ಅದಕ್ಕೇ ಗುಣ ಆಗಿಲ್ಲ" ಎಂದು ನಿಮ್ಮ ತಾಯಿಗೂ ಯಾರೋ ಅಂದಿರಬಹುದು. ಕಾಯಿಲೆ ಮನುಷ್ಯರಿಗೆ ಇದಕ್ಕಿಂತ ಕ್ರೂರವಾದ ಮಾತು ನಾನು ಕೇಳಿಲ್ಲ. ಮಾರ್ಕ 9ರಲ್ಲಿ ಮೂರ್ಛೆ ಬೀಳುವ ಹುಡುಗನ ಅಪ್ಪ ನಂಬುತ್ತೇನೆ, ನನ್ನ ಅಪನಂಬಿಕೆಗೆ ಸಹಾಯ ಮಾಡು ಎಂದು ಕೂಗಿಕೊಂಡ. ಅರ್ಧಂಬರ್ಧ ನಂಬಿಕೆ. ಯೇಸು ಅದನ್ನು ತಕ್ಕಡಿಗೆ ಹಾಕದೆ ಹುಡುಗನನ್ನು ಎತ್ತಿ ನಿಲ್ಲಿಸಿದ.

ಯೂಟ್ಯೂಬಿನಲ್ಲಿ ಇನ್ನೊಬ್ಬ ದೊಡ್ಡ ಪಾಸ್ಟರನ್ನು ಹುಡುಕಬೇಡಿ ಈಗಲೇ. ಅದೇ ಸಭೆಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂತು ಬನ್ನಿ, ಹಾಡಲು ಮನಸ್ಸು ಬಾರದಿದ್ದರೆ ಹಾಡಬೇಡಿ. ಬಿಟ್ಟುಹೋದ ಪಾಸ್ಟರ್ ಹಿಂದೆ ದಶಮಾಂಶದ (ಆದಾಯದ ಹತ್ತನೇ ಒಂದು ಪಾಲಿನ ಕಾಣಿಕೆಯ) ಹಣದ ಮಾತು ಏನಾದರೂ ಇದ್ದರೆ ವಾಟ್ಸಾಪಿನಲ್ಲಿ ಬೈದಾಡುವ ಬದಲು ಸಭೆಯ ಕಮಿಟಿಯಲ್ಲಿ ಲೆಕ್ಕ ಕೇಳಿ. ಅಭಿಷಿಕ್ತರನ್ನು, ಅಂದರೆ ದೇವರೇ ನೇಮಿಸಿದ ಸೇವಕರನ್ನು, ಪ್ರಶ್ನಿಸಬಾರದು ಎಂದು ಯಾರಾದರೂ ತಡೆದರೆ ಎರಡನೆಯ ಕೊರಿಂಥ 8 ತೆರೆದು ತೋರಿಸಿ: ಕಾಣಿಕೆ ಹಣದ ವಿಷಯದಲ್ಲಿ ಯಾರೂ ಬೆರಳು ತೋರಿಸಬಾರದೆಂದು ಪೌಲ ಸಭೆಗಳೇ ಆರಿಸಿದ ಆಳನ್ನು ಜೊತೆಗಿಟ್ಟುಕೊಂಡಿದ್ದ.