ತರಬೇತಿ ಮುಗಿಯಿತು, ನೇರವಾಗಿ ಹೊರಡಲೇ?

ಎಲ್ಲಿ ವಿಪತ್ತಾದರೂ ಮರುದಿನದಿಂದ ನನಗೆ ಇವೇ ಪ್ರಶ್ನೆಗಳು ಬರುತ್ತವೆ. ಮೊದಲನೆಯದಕ್ಕೆ ಉದ್ದವಾಗಿ ಉತ್ತರಿಸುತ್ತೇನೆ, ಅದರಲ್ಲಿ ಜೀವಗಳು ಹೋಗುತ್ತವೆ.

ಪ್ರಶ್ನೆ: ಎರಡು ದಿನದ ಸ್ವಯಂಸೇವಕ ತರಬೇತಿ ಮುಗಿಸಿ ಪ್ರಮಾಣಪತ್ರ ಪಡೆದಿದ್ದೇನೆ. ಭೂಕಂಪವಾದರೆ ಅನುಮತಿಗೆಂದು ಕಾಯುತ್ತಾ ಕೂರದೆ ಗೆಳೆಯರ ಜೊತೆ ಸ್ಥಳಕ್ಕೆ ಹೋಗುವುದರಲ್ಲಿ ತಪ್ಪೇನು?

ಉತ್ತರ: ಹೋಗಬೇಡಿ.

ಮೊದಲ ಗಂಟೆಗಳಲ್ಲಿ ಅವಶೇಷದಡಿಯಿಂದ ಹೆಚ್ಚು ಜನರನ್ನು ಎಳೆದು ತೆಗೆಯುವವರು ಅಕ್ಕಪಕ್ಕದವರೇ. ನಿಮ್ಮದೇ ಬೀದಿಯಲ್ಲಿ ಗೋಡೆ ಬಿದ್ದರೆ ನೀವು ಸುಮ್ಮನೆ ನಿಲ್ಲಬೇಕೆಂದು ಯಾರೂ ಹೇಳುವುದಿಲ್ಲ. ನನ್ನ ಮಾತು ಮರುದಿನ ಗಾಡಿ ಮಾಡಿಕೊಂಡು ದೂರದಿಂದ ಬರುವವರಿಗೆ. 1985ರ ಮೆಕ್ಸಿಕೊ ನಗರದ ಭೂಕಂಪದಲ್ಲಿ ತರಬೇತಿಯಿಲ್ಲದ ಜನ ಸುಮಾರು 800 ಮಂದಿಯನ್ನು ಉಳಿಸಿದರು. ಆ ಯತ್ನದಲ್ಲಿ ಅವರ ಪೈಕಿಯೇ ಸುಮಾರು 100 ಮಂದಿ ಸತ್ತರು ಎಂಬ ಲೆಕ್ಕವಿದೆ. ಮೊದಲ ಸಂಖ್ಯೆಯನ್ನಷ್ಟೇ ಹೇಳಿ ಹುಡುಗರನ್ನು ಹುರಿದುಂಬಿಸುವ ತರಬೇತುದಾರರ ಮೇಲೆ ನನಗೆ ಸಿಟ್ಟಿದೆ.

ಕಾಂಕ್ರೀಟ್ ತೊಲೆಯಡಿ ಒಬ್ಬನ ತೊಡೆ ಸಿಕ್ಕಿಕೊಂಡು ಆರು ಗಂಟೆಯಾಗಿದೆ ಎಂದುಕೊಳ್ಳಿ. ಆತ ಮಾತಾಡುತ್ತಿದ್ದಾನೆ, ನೀರು ಕೇಳುತ್ತಿದ್ದಾನೆ. ನೀವು ನಾಲ್ಕು ಜನ ಸೇರಿ ತೊಲೆ ಎತ್ತುತ್ತೀರಿ. ಜಜ್ಜಿಹೋದ ಸ್ನಾಯುವಿನಿಂದ ಸೋರಿ ಅಲ್ಲೇ ತಡೆದು ನಿಂತಿದ್ದ ಪೊಟ್ಯಾಸಿಯಂ ರಕ್ತಕ್ಕೆ ನುಗ್ಗುತ್ತದೆ, ಹೃದಯ ನಿಂತೇ ಹೋಗಬಹುದು. ಆ ಕ್ಷಣ ದಾಟಿದರೂ ಸ್ನಾಯುವಿನ ಮಯೋಗ್ಲೋಬಿನ್ ಎಂಬ ಪ್ರೋಟೀನ್ ಮೂತ್ರಪಿಂಡಗಳನ್ನು ಕೆಡಿಸುತ್ತದೆ. ಲಂಡನ್ನಿನ ಬಾಂಬ್ ದಾಳಿಯ ಗಾಯಾಳುಗಳಲ್ಲಿ ಇದನ್ನು ಕಂಡ ವೈದ್ಯರು 1941ರಲ್ಲೇ ಬರೆದಿಟ್ಟಿದ್ದಾರೆ. ಅದಕ್ಕಾಗಿಯೇ ಇಂಥವರಿಗೆ ಭಾರ ಎತ್ತುವ ಮುಂಚೆಯೇ ಸಲೈನ್ ಹಾಕಲು ಶುರುಮಾಡುತ್ತಾರೆ. ನಿಮ್ಮ ತಂಡದಲ್ಲಿ ಸಲೈನ್ ಹಾಕಬಲ್ಲವರು ಯಾರಿದ್ದಾರೆ? ಅರ್ಧ ನಿಂತಿರುವ ಗೋಡೆಯನ್ನು ನೋಡಿ, ಮುಂದಿನ ಕಂಪನಕ್ಕೆ ಅದು ಯಾವ ಕಡೆ ಬೀಳುತ್ತದೆಂದು ಹೇಳಬಲ್ಲವರು ಯಾರಿದ್ದಾರೆ?

ಹಾಗೆಂದು ನಿಮ್ಮ ತರಬೇತಿ ದಂಡವಲ್ಲ. ಏನೂ ಆಗದ ಈ ದಿನಗಳಲ್ಲೇ ಒಂದು ಸಂಸ್ಥೆಯಲ್ಲಿ ಹೆಸರು ಬರೆಸಿ, ಅದರ ಅಣಕು ಕಾರ್ಯಾಚರಣೆಗಳಿಗೆ ತಪ್ಪದೆ ಹೋಗಿ, ಕರೆ ಬಂದಾಗ ಹೊರಡಿ. ಹಗ್ಗ, ಹೆಲ್ಮೆಟ್ಟಿನ ಮೋಹ ಬಿಟ್ಟು ಪರಿಹಾರ ಶಿಬಿರ ನಡೆಸುವುದನ್ನು ಕಲಿಯಿರಿ. ವಿಪತ್ತು ನೆರವಿಗೆ ಜಗತ್ತಿನೆಲ್ಲೆಡೆ ಬಳಸುವ ‘ಸ್ಫಿಯರ್’ ಮಾನದಂಡದ ಪ್ರಕಾರ ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು, 250 ಜನಕ್ಕೊಂದು ನಲ್ಲಿ, 20 ಜನಕ್ಕೊಂದು ಶೌಚಾಲಯ ಬೇಕು. 2,000 ಜನರ ಶಿಬಿರವೆಂದರೆ ದಿನವೂ 30,000 ಲೀಟರ್ ನೀರು, 8 ನಲ್ಲಿ, 100 ಶೌಚಾಲಯ. ಅಷ್ಟು ಶೌಚಾಲಯಗಳನ್ನು ಯಾರು ತೊಳೆಯುತ್ತಾರೆ, ರಾತ್ರಿ ಹೆಂಗಸರು ಹೋಗುವ ದಾರಿಗೆ ದೀಪ ಯಾರು ಹಾಕುತ್ತಾರೆ ಎಂದು ಕೇಳಿದರೆ ತರಬೇತಿಗೆ ಬಂದವರು ಮುಖ ಮುಖ ನೋಡಿಕೊಳ್ಳುತ್ತಾರೆ.

ನಾನು ತರಬೇತಿಯಲ್ಲಿ ಕೆಸರು ನೀರಿನ ಬಕೆಟ್ ಇಟ್ಟು, ಇದನ್ನು ಕುಡಿಯುವಂತೆ ಮಾಡಿ ಎನ್ನುತ್ತೇನೆ. ಬಹಳಷ್ಟು ಜನ ಸೀದಾ ಕ್ಲೋರಿನ್ ಸುರಿಯುತ್ತಾರೆ. ಕೆಸರಿದ್ದರೆ ಕ್ಲೋರಿನ್ ಅದಕ್ಕೇ ಖರ್ಚಾಗಿಬಿಡುತ್ತದೆ. ಮೊದಲು ನೀರು ತಿಳಿಯಾಗಲು ಬಿಡಬೇಕು, ಸೋಸಬೇಕು, ಆಮೇಲೆ ಕ್ಲೋರಿನ್ ಬೆರೆಸಿ 30 ನಿಮಿಷ ಕಾಯಬೇಕು. ಕೊನೆಗೆ ಲೀಟರಿಗೆ 0.2ರಿಂದ 0.5 ಮಿಲಿಗ್ರಾಂ ಕ್ಲೋರಿನ್ ಉಳಿದಿದೆಯೇ ಎಂದು ಪರೀಕ್ಷಾ ಕಿಟ್ಟಿನಲ್ಲಿ ಬಣ್ಣ ಹೋಲಿಸಿ ನೋಡಬೇಕು. ಫೋಟೊ ತೆಗೆಯಲು ಯಾರೂ ಬರದ ಈ ಕೆಲಸವನ್ನು ದಿನವೂ ತಪ್ಪದೆ ಮಾಡುವವರು ಸಿಕ್ಕರೆ ಶಿಬಿರದಲ್ಲಿ ಮಕ್ಕಳು ವಾಂತಿಭೇದಿಯಿಂದ ಸಾಯುವುದು ತಪ್ಪುತ್ತದೆ.

ಪ್ರಶ್ನೆ: ಶವಗಳಿಂದ ರೋಗ ಹರಡುವುದರಿಂದ ಎಲ್ಲವನ್ನೂ ಒಟ್ಟಿಗೆ ಬೇಗ ಹೂಳಬೇಕಲ್ಲವೇ?

ಉತ್ತರ: ಗಾಯದಿಂದ ಸತ್ತವರ ದೇಹಗಳಿಂದ ಸಾಂಕ್ರಾಮಿಕ ಹಬ್ಬುವುದಿಲ್ಲ, ಆದರೆ ಗುರುತು ದಾಖಲಿಸದೆ ಹೂತರೆ ಮನೆಯವರು ಬದುಕಿಡೀ ಹುಡುಕುತ್ತಾರೆ.

ಪ್ರಶ್ನೆ: ಬದುಕುಳಿದವರಿಂದ ನಡೆದದ್ದನ್ನೆಲ್ಲ ಬಾಯಿಬಿಡಿಸಿದರೆ ಮನಸ್ಸು ಹಗುರಾಗುತ್ತದೆಯಂತೆ. ಇದಕ್ಕೊಂದು ದಿನದ ಕೋರ್ಸ್ ಇದೆ, ಸೇರಲೇ?

ಉತ್ತರ: ದುಡ್ಡು ಪಡೆದು ಇದನ್ನು ಕಲಿಸುವವರು ಮಾಡುತ್ತಿರುವುದು ಅಪರಾಧಕ್ಕೆ ಸಮ. ಹೀಗೆ ಒಂದೇ ಸಲ ಕೂರಿಸಿ ಹೇಳಿಸುವುದರಿಂದ ಪ್ರಯೋಜನ ಕಂಡುಬಂದಿಲ್ಲ, ಕೆಲವರಿಗೆ ನೋವು ಹೆಚ್ಚಿದೆ. ವಿಶ್ವ ಆರೋಗ್ಯ ಸಂಸ್ಥೆಯ 2011ರ ಮಾರ್ಗದರ್ಶಿ ಹೇಳುವುದು ಸರಳವಾಗಿದೆ: ನೋಡಿ, ಕೇಳಿಸಿಕೊಳ್ಳಿ, ಬೇಕಾದ ನೆರವಿನೊಂದಿಗೆ ಜೋಡಿಸಿ. ಅವರಾಗಿ ಹೇಳಿದರೆ ಕೇಳಿ, ಕೆದಕಬೇಡಿ.

ಪ್ರಶ್ನೆ: ಭೂಕಂಪದಲ್ಲಿ ಮೇಜಿನ ಪಕ್ಕ ಮಲಗುವ ‘ಜೀವ ತ್ರಿಕೋನ’ ಉಪಾಯವನ್ನು ಶಾಲೆಗಳಲ್ಲಿ ಕಲಿಸಬಹುದೇ?

ಉತ್ತರ: ಬೇಡ. ಬಗ್ಗಿ, ಮೇಜಿನಡಿ ಸೇರಿ, ಅದರ ಕಾಲನ್ನು ಗಟ್ಟಿಯಾಗಿ ಹಿಡಿಯುವುದನ್ನು ಕಲಿಸಿ.

ಪ್ರಶ್ನೆ: ಒಂಟಿಯಾಗಿ ಸಿಕ್ಕ ಮಗುವಿನ ಫೋಟೊ ಹಂಚಿದರೆ ಹೆತ್ತವರು ಬೇಗ ಸಿಗುತ್ತಾರಲ್ಲವೇ?

ಉತ್ತರ: ಮಗುವಿನ ಮುಖ, ಅದು ಇರುವ ಜಾಗ ಎರಡೂ ಬಯಲಾದರೆ ನಾನೇ ಅಪ್ಪ ಎಂದು ಯಾರು ಬೇಕಾದರೂ ಬರಬಹುದು. ಮಕ್ಕಳ ರಕ್ಷಣೆಯ ಹೊಣೆ ಹೊತ್ತ ಅಧಿಕಾರಿಗೆ ಒಪ್ಪಿಸಿ, ಅವರು ಬರುವವರೆಗೆ ಮಗುವನ್ನು ಸಿಕ್ಕ ಜಾಗದಿಂದ ದೂರ ಕರೆದೊಯ್ಯಬೇಡಿ. ಅಲ್ಲೇ ಅಪಾಯವಿದ್ದರೆ ಮಾತ್ರ ಹತ್ತಿರದ ಸುರಕ್ಷಿತ ಜಾಗಕ್ಕೆ ಕರೆದೊಯ್ದು, ಎಲ್ಲಿ, ಯಾವಾಗ ಸಿಕ್ಕಿತೆಂದು ಬರೆದಿಡಿ.