ಚಿಗರಿಗೊಂದು ಕಾನೂನು, ಗಿಡುಗಕ್ಕೊಂದು ಕಾನೂನಾ?

ಪ್ರಶ್ನೆ: ನಮ್ಮ ಹೊಲ ರಾಣೆಬೆನ್ನೂರಿನ ಹತ್ತಿರ. ಚಿಗರಿ (ಕೃಷ್ಣಮೃಗ) ಬಂದು ಮೆಕ್ಕೆಜೋಳದ ಸಸಿ ಮೇಯುತ್ತದೆ, ಶಿಕ್ರಾ ಗಿಡುಗ ಕೋಳಿಮರಿ ಒಯ್ಯುತ್ತದೆ. ಚಿಗರಿ ಮುಟ್ಟಿದರೆ ಜೈಲು, ಗಿಡುಗಕ್ಕೆ ಯಾವ ಕಾನೂನೂ ಇಲ್ಲ ಅಂತಾರೆ. ನಿಜವಾ? ಎರಡರಲ್ಲಿ ಯಾವುದಕ್ಕೆ ಅಪಾಯ ಜಾಸ್ತಿ?

ಉತ್ತರ: ನಿಜವಲ್ಲ. 1972ರ ವನ್ಯಜೀವಿ ಕಾನೂನಿನಲ್ಲಿ ಅತಿ ಹೆಚ್ಚು ರಕ್ಷಣೆ ಇರುವ ಮೊದಲನೇ ಪಟ್ಟಿಯಲ್ಲಿ ಎರಡೂ ಇವೆ. ಗಿಡುಗಕ್ಕೆ ಕವಣೆ ಬೀಸುವ ಮುಂಚೆ ಇದು ಗೊತ್ತಿರಲಿ.

ನಾನು ಜೀವಶಾಸ್ತ್ರದ ಮೇಷ್ಟ್ರಾಗಿದ್ದವನು. ಚಿಗರಿಯನ್ನು ಜಿಂಕೆ ಎಂದು ಬರೆದವರಿಗೆ ಅಂಕ ಕತ್ತರಿಸುತ್ತಿದ್ದೆ. ಊರೆಲ್ಲ ಹಾಗೇ ಕರೆಯುವಾಗ ಮಕ್ಕಳದೇನು ತಪ್ಪು, ಪಾಪ! ಜಿಂಕೆಯ ಕೊಂಬು ಕವಲೊಡೆಯುತ್ತದೆ, ಉದುರಿ ಮತ್ತೆ ಬರುತ್ತದೆ. ಚಿಗರಿಯದು ತಿರುಚಿಕೊಂಡು ನೆಟ್ಟಗೆ ಬೆಳೆಯುತ್ತದೆ, ಉದುರುವುದಿಲ್ಲ. ಅದು ದನ, ಕುರಿ, ಮೇಕೆಗಳ ಕುಟುಂಬದ್ದು. 1758ರಲ್ಲಿ ಜೀವಿಗಳಿಗೆ ವೈಜ್ಞಾನಿಕ ಹೆಸರಿಟ್ಟ ಲಿನೇಯಸ್ ಅದನ್ನು ಮೇಕೆಯ ಕುಲಕ್ಕೇ ಸೇರಿಸಿದ್ದ! ಆಮೇಲೆ ಅದಕ್ಕೆ ಆಂಟಿಲೋಪ್ ಎಂಬ ಬೇರೆ ಕುಲವಾಯಿತು. ಆ ಕುಲದಲ್ಲಿ ಈಗ ಉಳಿದಿರುವುದು ಇದೊಂದೇ.

ಶಿಕ್ರಾದ ಕಥೆಯೂ ಹಾಗೇ. 1788ರಲ್ಲಿ ಹೆಸರಿಟ್ಟಾಗ ಅದರ ಕುಲ ಫಾಲ್ಕೋ, ಆಮೇಲೆ ಅಕ್ಸಿಪಿಟರ್. 2024ರಲ್ಲಿ ಕೆಲವು ಪಕ್ಷಿಪಟ್ಟಿಗಳು ಟ್ಯಾಕಿಸ್ಪೈಜಾ ಎಂದು ಬದಲಿಸಿವೆ. ಹದ್ದಿನ ಕುಟುಂಬ ಮಾತ್ರ ಬದಲಾಗಿಲ್ಲ. ಗಾತ್ರದಲ್ಲಿ ಪಾರಿವಾಳದಷ್ಟೇ, ಹೆಣ್ಣು ಗಂಡಿಗಿಂತ ದೊಡ್ಡದು.

ಇನ್ನು ಅಪಾಯದ ಮಾತು. ಯಾವ ಜೀವಿಗೆ ಎಷ್ಟು ಅಪಾಯ ಎಂದು ಅಳೆಯುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಕೆಂಪು ಪಟ್ಟಿಯಲ್ಲಿ ಎರಡಕ್ಕೂ ‘ಸದ್ಯಕ್ಕೆ ಚಿಂತೆಯಿಲ್ಲ’ ಎಂಬ ದರ್ಜೆಯೇ. ಆದರೆ ಅಲ್ಲಿಗೆ ಬಂದ ದಾರಿ ಬೇರೆ. ಶಿಕ್ರಾ ಊರೊಳಗಿನ ಮರದಲ್ಲೂ ಗೂಡು ಕಟ್ಟುತ್ತದೆ, ಓತಿ, ಇಲಿ, ಸಣ್ಣ ಹಕ್ಕಿ ಹಿಡಿದು ಹೇಗೋ ಬದುಕುತ್ತದೆ. ಚಿಗರಿಗೆ ಬಯಲೇ ಬೇಕು. ಬೇಟೆಯಿಂದ, ಬಯಲೆಲ್ಲ ಹೊಲವಾಗಿದ್ದರಿಂದ ಅದು ತೀರಾ ಕಡಿಮೆಯಾಗಿತ್ತು. ಬಾಂಗ್ಲಾದೇಶದಲ್ಲಂತೂ ಈಗ ಒಂದೂ ಇಲ್ಲ. ನಿಮ್ಮ ರಾಣೆಬೆನ್ನೂರಿನ ಅಭಯಾರಣ್ಯ ಆಗಿದ್ದು 1974ರಲ್ಲಿ. ಅಂಥ ಕಡೆ ಕಾಯ್ದಿದ್ದರಿಂದಲೇ ಅದು ಮತ್ತೆ ಹೆಚ್ಚಿತು, 2017ರಲ್ಲಿ ದರ್ಜೆ ಬದಲಾಯಿತು. ಕಾವಲು ಸಡಿಲಾದರೆ ಮೊದಲು ಕಷ್ಟ ಬರುವುದು ಚಿಗರಿಗೇ.

ನಿಮ್ಮ ನಷ್ಟ ಸುಳ್ಳಲ್ಲ. ಬೆಳೆ ಹಾನಿಗೆ ಪರಿಹಾರ ಸಿಗುತ್ತದಾ ಎಂದು ಅರಣ್ಯ ಇಲಾಖೆಯವರನ್ನು ಕೇಳಿ. ಕೋಳಿಮರಿಗೆ ಮೊದಲ ಕೆಲವು ವಾರ ಬುಟ್ಟಿ ಕವುಚಿಡಿ. ನಮ್ಮಮ್ಮ ಹಾಗೇ ಮಾಡುತ್ತಿದ್ದಳು, ಮೇಲೊಂದು ಕಲ್ಲೂ ಇಡುತ್ತಿದ್ದಳು. ಅದು ಗಿಡುಗಕ್ಕಲ್ಲ, ಬೆಕ್ಕಿಗೆ.