ಇಳಿಜಾರಿನ ಹುಲ್ಲು, ಜಾರುವ ಟ್ರ್ಯಾಕ್ಟರ್

ಪ್ರಶ್ನೆ: ಹೋಂಸ್ಟೇ ಒಂದರ ಹುಲ್ಲುಹಾಸಿನ ಉಸ್ತುವಾರಿ ನನ್ನದು. ಕೂತು ಓಡಿಸುವ, ಹುಲ್ಲು ಕತ್ತರಿಸುವ ಮೂವರ್ ಟ್ರ್ಯಾಕ್ಟರ್ ಮೊನ್ನೆ ಇಳಿಜಾರಿನಲ್ಲಿ ಅಡ್ಡ ಹೋಗುವಾಗ ಅಗಳಿನ (ಕಂದಕದ) ಕಡೆಗೆ ಜಾರಿತು. ಓಡಿಸುತ್ತಿದ್ದ ಹುಡುಗ ಹಾರಿಕೊಂಡು ಬಚಾವಾದ. ಟೈರ್ ಬದಲಿಸಿದರೆ ಸಾಕೇ?
— ಓದುಗರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಸಾಲದು. ಮೊದಲು ಇಳಿಜಾರು ಅಳೆಯಿರಿ. ಒಂದು ಮೀಟರ್ ಉದ್ದದ ನೇರ ಪಟ್ಟಿಯ ಒಂದು ತುದಿಯನ್ನು ಮೇಲುಗಡೆ ನೆಲಕ್ಕೆ ಊರಿ, ರಸಮಟ್ಟ ಇಟ್ಟು ಸಮಕ್ಕೆ ಹಿಡಿಯಿರಿ. ಇನ್ನೊಂದು ತುದಿಯಿಂದ ನೆಲಕ್ಕೆ 27 ಸೆಂ.ಮೀ. ಬಂದರೆ ಅದು 15 ಡಿಗ್ರಿ. ಇಂಥ ಯಂತ್ರಗಳಿಗೆ ಸಾಮಾನ್ಯವಾಗಿ ಹೇಳುವ ಗರಿಷ್ಠ ಮಿತಿ ಅಷ್ಟೇ. ಕೆಲವಕ್ಕೆ ಇನ್ನೂ ಕಡಿಮೆ, ಕೈಪಿಡಿ ನೋಡಿ. ಅದೂ ಒಣ ನೆಲಕ್ಕೆ ಮಾತ್ರ. ಮಳೆಗಾಲದಲ್ಲಿ ಹುಲ್ಲಿನ ಬುಡಕ್ಕೆ ಹಾವಸೆ ಕಟ್ಟಿದ ಮೇಲೆ ಎಂಥ ಟೈರೂ ಹಿಡಿಯುವುದಿಲ್ಲ, ಬ್ರೇಕ್ ಒತ್ತಿದರೆ ಚಕ್ರ ನಿಂತು ಗಾಡಿ ಜಾರುತ್ತಲೇ ಹೋಗುತ್ತದೆ.

ಅಡ್ಡಡ್ಡ ಓಡಿಸಬಾರದು, ಮೇಲೆ-ಕೆಳಗೆ ಓಡಿಸಬೇಕು, ಸಮತಟ್ಟಿನಲ್ಲೇ ತಿರುಗಿಸಬೇಕು. ಇಳಿಯುವಾಗ ನ್ಯೂಟ್ರಲ್ ಬೇಡ. ಹಿಂದಿನ ಹುಲ್ಲಿನ ಚೀಲ ತುಂಬಿದ್ದರೆ ಏರು ಹತ್ತುವಾಗ ಮುಂದಿನ ಚಕ್ರ ಎದ್ದುಬಿಡುತ್ತದೆ, ಮೊದಲೇ ಖಾಲಿ ಮಾಡಿ. ಅಗಳು, ಧರೆಯ (ಕಡಿದಾದ ಮಣ್ಣಿನ ದಿಬ್ಬದ) ಅಂಚಿನಿಂದ ಕನಿಷ್ಠ ಎರಡು ಮೀಟರ್ ಬಿಡಿ. ನೆನೆದ ಮಣ್ಣು ಚಕ್ರದ ಭಾರಕ್ಕೆ ಕುಸಿಯುತ್ತದೆ. ಅಂಚಿನ ಆ ಜಾಗದ ಹುಲ್ಲನ್ನು ವೀಡ್ ಕಟರ್‌ನಲ್ಲಿ ಸವರಿಸಿ.

ಆ ಹುಡುಗ ಹಾರಿ ಉಳಿದದ್ದು ಅದೃಷ್ಟ. ಉರುಳುವ ಗಾಡಿಯಿಂದ ಹಾರಿದವರು ಅದರಡಿಗೇ ಸಿಕ್ಕಿಬೀಳುವುದುಂಟು. ಸೀಟಿನ ಹಿಂದೆ ರೋಲ್ ಬಾರ್ (ಗಾಡಿ ಉರುಳಿದರೆ ಓಡಿಸುವವರನ್ನು ಕಾಯುವ ಲೋಹದ ಕಮಾನು) ಇದ್ದರೆ ಅದನ್ನು ಎತ್ತಿ ಭದ್ರ ಮಾಡಿ ಬೆಲ್ಟ್ ಕಟ್ಟಲೇಬೇಕು. ಬಾರ್ ಇಲ್ಲದ ಗಾಡಿಗೆ ಬೆಲ್ಟೂ ಬೇಡ, ಇಳಿಜಾರೂ ಬೇಡ.

ಪ್ರಶ್ನೆ: ಗುಂಡಿಗೆ ಎತ್ತಿಹಾಕಿದಾಗಲೆಲ್ಲ ಮೂವರ್ ಎಂಜಿನ್ ನಿಲ್ಲುತ್ತದೆ. ಮೆಕ್ಯಾನಿಕ್ ಸೀಟಿನಡಿಯ ಸ್ವಿಚ್‌ನ ವೈರ್ ನೇರ ಜೋಡಿಸಿಕೊಡುತ್ತೇನೆ ಎನ್ನುತ್ತಾರೆ. ಮಾಡಿಸಬಹುದೇ?
— ಓದುಗರು, ಸಾಗರ

ಉತ್ತರ: ದಯವಿಟ್ಟು ಮಾಡಿಸಬೇಡಿ. ಓಡಿಸುವವರು ಸೀಟು ಬಿಟ್ಟೊಡನೆ ಬ್ಲೇಡ್ ನಿಲ್ಲಿಸಲಿಕ್ಕೇ ಆ ಸ್ವಿಚ್ ಇರುವುದು. ನೇರ ಮಾಡಿದರೆ, ಬಿದ್ದವರ ಕಾಲಿನ ಪಕ್ಕದಲ್ಲೇ ಬ್ಲೇಡ್ ತಿರುಗುತ್ತಿರುತ್ತದೆ. ಕನೆಕ್ಟರ್ ಸಡಿಲವಾಗಿದೆಯೇ, ಪಿನ್‌ಗೆ ತುಕ್ಕು ಹಿಡಿದಿದೆಯೇ, ಸೀಟಿನ ಸ್ಪ್ರಿಂಗ್ ಸರಿಯಿದೆಯೇ ನೋಡಿಸಿ. ಸ್ವಿಚ್ಚೇ ಕೆಟ್ಟಿದ್ದರೆ ಹೊಸದು ಹಾಕಿಸಿ. ಗುಂಡಿಗಳನ್ನೂ ಮುಚ್ಚಿಸಿ.

ಒದ್ದೆ ಹುಲ್ಲು ಡೆಕ್ಕಿನಡಿ (ಬ್ಲೇಡಿನ ಮೇಲಿನ ಕವಚದಡಿ) ಕಟ್ಟಿಕೊಂಡರೆ ಬ್ಲೇಡಿನ ಚಾಲನೆ ಬಿಡಿಸಿ, ಎಂಜಿನ್ ಆರಿಸಿ, ಕೀಲಿ ತೆಗೆದು, ಪೆಟ್ರೋಲ್ ಎಂಜಿನ್ ಆದರೆ ಸ್ಪಾರ್ಕ್ ಪ್ಲಗ್ಗಿನ ವೈರನ್ನೂ ಕಿತ್ತು, ಬ್ಲೇಡ್ ಪೂರ್ತಿ ನಿಂತದ್ದನ್ನು ಕಣ್ಣಾರೆ ನೋಡಿದ ಮೇಲೆ ಕೋಲಿನಿಂದ ಕೆದಕಿ. ಕೈ ಹಾಕಬೇಡಿ.